ಹಾಡಿನ ನಡುವೆ ಸುದ್ದಿ: ಬುರ್ರಕಥೆಯ ಮೂರನೆಯವನನ್ನು ಕುರಿತು ಒಂದು ವಿಚಾರ

ಹಿಂದೂಪುರ, ಕಲ್ಯಾಣದುರ್ಗಗಳ ಸೀಮೆಯಲ್ಲಿ ಬುರ್ರಕಥೆಯನ್ನು ಕೇಳಿ ಬಲ್ಲವರಿಗೆ ಒಂದು ಸಂಗತಿ ಹೊಸದಲ್ಲ. ಕಥೆ ರಂಗೇರಿದಾಗ ಹಾಡು ನಿಲ್ಲುತ್ತದೆ. ಹಾಡುವವರಲ್ಲಿ ಒಬ್ಬನು ಕಥೆಯ ಅರಸನನ್ನು ಅಲ್ಲಿಯೇ ಬಿಟ್ಟು ಇಂದಿನ ಮಾತನ್ನು ಎತ್ತುತ್ತಾನೆ. ಮಳೆಯ ಮಾತು, ಬೆಲೆಯ ಮಾತು, ಆಳುವವರ ಮಾತು. ಇನ್ನೊಬ್ಬನು ಅದಕ್ಕೆ ಒಂದು ನಗೆಯ ಮಾತನ್ನು ಸೇರಿಸುತ್ತಾನೆ. ಜನ ನಗುತ್ತಾರೆ. ಮತ್ತೆ ಡಕ್ಕಿ ನುಡಿಯುತ್ತದೆ. ಬಿಟ್ಟ ಕಡೆಯಿಂದ ಕಥೆ ಮುಂದುವರಿಯುತ್ತದೆ.

ಇಂತಹ ಬೆರಕೆಯನ್ನು ಕುರಿತು ನಮ್ಮಲ್ಲಿ ಎರಡು ಬಗೆಯ ಆಕ್ಷೇಪಣೆಗಳುಂಟು. ಸಂಗೀತವನ್ನು ಪ್ರೀತಿಸುವವರು, ಸುದ್ದಿ ಸೇರಿದರೆ ಹಾಡಿನ ರಸ ಕೆಡುತ್ತದೆ ಎನ್ನುತ್ತಾರೆ. ಸುದ್ದಿಯನ್ನು ಗೌರವಿಸುವವರು, ಹಾಡು ಸೇರಿದರೆ ಸುದ್ದಿಯ ತೂಕ ಇಳಿಯುತ್ತದೆ ಎನ್ನುತ್ತಾರೆ. ಇಬ್ಬರೂ ಕೇಳುವುದು ಪ್ರಮಾಣದ ಪ್ರಶ್ನೆಯನ್ನು: ಹಾಡು ಎಷ್ಟು ಪಾಲು, ಸುದ್ದಿ ಎಷ್ಟು ಪಾಲು ಇರತಕ್ಕದ್ದು? ಈ ಪ್ರಶ್ನೆಯಿಂದ ನಾವು ಬಹು ದೂರ ಸಾಗಲಾರೆವು. ಹಾಡು ಮತ್ತು ಸುದ್ದಿ ಕೂಡಿದ ಕಡೆಯಲ್ಲೆಲ್ಲ ನೋಡಬೇಕಾದದ್ದು ಬೇರೊಂದುಂಟು. ಕೇಳುವವರ ಪರವಾಗಿ ಎದುರು ಮಾತಾಡುವವನೊಬ್ಬನು ಅಲ್ಲಿ ಇದ್ದಾನೆಯೇ ಎಂಬುದು. ಈ ಲೇಖನದಲ್ಲಿ ಅದನ್ನೇ ವಿವರಿಸಲು ಯತ್ನಿಸುತ್ತೇವೆ.

ಮೊದಲು ಪ್ರದೇಶವನ್ನು ನೆನೆಯೋಣ. ಅನಂತಪುರ ಜಿಲ್ಲೆಯು ೧೮೮೨ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ರಚಿತವಾಯಿತು. ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಬಳ್ಳಾರಿಯು ಮೈಸೂರಿಗೆ ಸೇರಿತು. ರಾಯದುರ್ಗ, ಆದವಾನಿ, ಆಲೂರುಗಳು ಆಂಧ್ರದಲ್ಲಿ ಉಳಿದವು. ೨೦೨೨ರ ಏಪ್ರಿಲ್ ೪ರಂದು ಜಿಲ್ಲೆಗಳನ್ನು ಮತ್ತೆ ಒಡೆದು ಕಟ್ಟಿದಾಗ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗವು ಅನಂತಪುರ ಜಿಲ್ಲೆಯಲ್ಲಿಯೇ ನಿಂತಿತು. ಹೀಗೆ ಗೆರೆಗಳು ಮೇಲಿಂದ ಮೇಲೆ ಬದಲಾದರೂ ಜನರ ಮಾತು ಆ ಗೆರೆಗಳನ್ನು ಅನುಸರಿಸಿಲ್ಲ. ಹಿಂದೂಪುರದ ಮಗ್ಗುಲ ಲೇಪಾಕ್ಷಿಯ ಶಾಸನಗಳು ಹೆಚ್ಚಾಗಿ ಕನ್ನಡದಲ್ಲಿವೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು ಇಂದಿನ ಹೇಮಾವತಿ. ಅದು ಮಡಕಶಿರ ಸೀಮೆಯಲ್ಲಿದೆ. ಆಂಧ್ರದ ಕಡೆಯ ಮಡಕಶಿರ, ಅಮರಾಪುರ, ರೊಳ್ಳ, ಅಗಳಿಗಳಲ್ಲಿ ಕನ್ನಡ ಮನೆಮಾತು. ಕರ್ನಾಟಕದ ಕಡೆಯ ಪಾವಗಡದಲ್ಲಿ ತೆಲುಗು ಮನೆಮಾತಾಗಿರುವ ಊರುಗಳು ಬಹಳ. ಉರುಮೆಯ ಗುಡುಗು ಎರಡು ಕಡೆಯಲ್ಲಿಯೂ ಒಂದೇ. ಇಂತಹ ಸೀಮೆಯಲ್ಲಿ ಹಾಡು ಒಂದು ಭಾಷೆಯಲ್ಲಿ, ನಡುವಿನ ಮಾತು ಇನ್ನೊಂದು ಭಾಷೆಯಲ್ಲಿ ನಡೆದರೂ ಕೇಳುವವನಿಗೆ ತೊಡಕಾಗುವುದಿಲ್ಲ.

ಸುದ್ದಿಯನ್ನು ವಾದ್ಯದೊಡನೆ ಸಾರುವ ಪದ್ಧತಿ ಈ ನೆಲದಲ್ಲಿ ಬಹು ಹಳೆಯದು. ಅದಕ್ಕೆ ಎರಡು ಮೂಲಗಳುಂಟು. ಈ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸದಿದ್ದರೆ ಮುಂದಿನ ವಿಮರ್ಶೆ ದಾರಿತಪ್ಪುತ್ತದೆ.

ಮೊದಲನೆಯದು ಡಂಗುರ. ತಮಟೆ ಬಡಿಯುತ್ತ ಬೀದಿಬೀದಿಯಲ್ಲಿ ನಿಂತು, ಕಂದಾಯದ ಗಡುವನ್ನೂ ಕೆರೆಯ ತೂಬನ್ನು ಎತ್ತುವ ದಿನವನ್ನೂ ರೋಗದ ಎಚ್ಚರಿಕೆಯನ್ನೂ ಕೂಗುವುದು. ಇದರಲ್ಲಿ ವಾದ್ಯವುಂಟು, ಸುದ್ದಿಯುಂಟು. ಊರಿನವನೇ ಸಾರುತ್ತಾನೆ, ಊರಿನ ಮಾತಿನಲ್ಲಿಯೇ ಸಾರುತ್ತಾನೆ. ಆದರೆ ಡಂಗುರಕ್ಕೆ ಎದುರು ಪ್ರಶ್ನೆಯಿಲ್ಲ. ‘ಗಡುವು ಇಷ್ಟು ಬೇಗ ಏಕೆ?’ ಎಂದು ತಮಟೆಯವನನ್ನು ಕೇಳಿ ಫಲವಿಲ್ಲ. ಅವನು ಹೊತ್ತು ತಂದದ್ದು ಅಪ್ಪಣೆ. ಕೂಗಿ ಮುಗಿಸಿ ಅವನು ಮುಂದಿನ ಬೀದಿಗೆ ನಡೆಯುತ್ತಾನೆ.

ಎರಡನೆಯದು ಕಥನ. ಇದಕ್ಕೆ ನಮ್ಮ ಶಾಲೆಗಳಲ್ಲಿ ಎಲ್ಲರೂ ಬಲ್ಲ ನಿದರ್ಶನವೊಂದುಂಟು. ಹಲಗಲಿಯ ಬೇಡರ ಲಾವಣಿ. ೧೮೫೭ರಲ್ಲಿ ಕಂಪನಿ ಸರ್ಕಾರವು ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞೆ ಮಾಡಿದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ದಂಡು ಬಂದು ಊರನ್ನು ಸುಟ್ಟಿತು. ಜೆ. ಎಫ್. ಫ್ಲೀಟ್ ಅವರು ಈ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಮಾಡಿಸಿದುದರಿಂದ ಅದು ವಿದ್ವಾಂಸರ ಕಣ್ಣಿಗೂ ಬಿತ್ತು. ನಾವು ಅದನ್ನು ವೀರಗಾಥೆಯೆಂದು ಪಾಠ ಹೇಳುತ್ತೇವೆ. ಅದು ವೀರಗಾಥೆಯೇ ಸರಿ. ಆದರೆ ಅದನ್ನು ಸುದ್ದಿಯಾಗಿಯೂ ಒಮ್ಮೆ ಓದಿ ನೋಡಬೇಕು. ಆಜ್ಞೆ ಎಲ್ಲಿಂದ ಹೊರಟಿತು, ಯಾರು ಬೇಡವೆಂದರು, ಅವರ ಹೆಸರುಗಳೇನು, ಊರಿಗೆ ಏನಾಯಿತು ಎಂಬುದೆಲ್ಲ ಅಲ್ಲಿ ಕ್ರಮವಾಗಿ ಬಂದಿದೆ. ಕೊಳ್ಳೆಹೋದ ಸಾಮಾನುಗಳ ಪಟ್ಟಿಯನ್ನು ನೋಡಿರಿ. ಕೊಡಲಿ, ಕುಡಗಳಿಂದ ಹಿಡಿದು ಅಡಿಗೆಯ ಮನೆಯ ಬೆಣ್ಣೆ, ಬೆಲ್ಲ, ಜೀರಿಗೆಗಳವರೆಗೆ, ಕೊನೆಗೆ ಮಾಂಗಲ್ಯವನ್ನೂ ಬೀಸುಕಲ್ಲನ್ನೂ ಬಿಡದೆ, ಪದಕಾರನು ಲೆಕ್ಕ ಒಪ್ಪಿಸುತ್ತಾನೆ. ಬರಿಯ ವೀರರಸವನ್ನು ಬಯಸಿದ ಕವಿಗೆ ಜೀರಿಗೆಯ ಹಂಗು ಬೇಕಿರಲಿಲ್ಲ. ಸುಟ್ಟ ಊರಿನ ಸುದ್ದಿಯನ್ನು ಬೇರೆ ಊರಿಗೆ ತಲುಪಿಸಬೇಕೆಂದಿದ್ದವನಿಗೆ ಅದು ಬೇಕಾಯಿತು.

ಡಂಗುರದ ತಮಟೆಗೆ ಸಿಕ್ಕದ ವಿಷಯವಿದು. ಆಯುಧ ಒಪ್ಪಿಸಿರೆಂಬ ಆಜ್ಞೆಯನ್ನು ಸಾರುವುದು ಡಂಗುರದ ಕೆಲಸ. ಆ ಆಜ್ಞೆಯಿಂದ ಯಾರ ಮನೆಯ ಬೀಸುಕಲ್ಲು ಹೋಯಿತು ಎಂಬುದನ್ನು ಲಾವಣಿ ಹೇಳುತ್ತದೆ. ಒಂದೇ ಸಂಗತಿಯ ಎರಡು ಸುದ್ದಿಗಳು ಇವು. ಎರಡಕ್ಕೂ ವಾದ್ಯದ ಜೊತೆಯುಂಟು. ಆದುದರಿಂದ ಹಾಡು ಸುದ್ದಿಗಳ ಬೆರಕೆ ಒಳ್ಳೆಯದೋ ಕೆಟ್ಟದೋ ಎಂದು ಒಟ್ಟಾಗಿ ಕೇಳುವುದು ಅಷ್ಟು ಪ್ರಯೋಜಕವಲ್ಲ. ಆ ಬೆರಕೆಯು ಡಂಗುರದ ಕಡೆಗೆ ವಾಲಿದೆಯೋ ಕಥನದ ಕಡೆಗೆ ವಾಲಿದೆಯೋ ಎಂದು ಕೇಳಬೇಕು.

ಈಗ ಬುರ್ರಕಥೆಗೆ ಬರೋಣ. ‘ಬುರ್ರ’ ಎಂದರೆ ತೆಲುಗಿನಲ್ಲಿ ತಲೆ, ಬುರುಡೆ. ತಂಬೂರಿಯ ಟೊಳ್ಳು ಬುರುಡೆಯಿಂದ ಕಥೆಗೆ ಈ ಹೆಸರು ಬಂದಿತೆಂದು ಹೇಳುವರು. ನಮ್ಮ ‘ಬುರುಡೆ’ ಶಬ್ದವನ್ನು ಇದರ ಮಗ್ಗುಲಲ್ಲಿ ಇಟ್ಟು ನೋಡಿದರೆ ಕಲೆಯಷ್ಟೇ ಅಲ್ಲ, ಅದರ ಹೆಸರೂ ಎರಡು ಭಾಷೆಗಳಿಗೆ ನೆಂಟನೆಂಬುದು ತಿಳಿಯುತ್ತದೆ. ಜಂಗಮರು ಹೇಳುತ್ತಿದ್ದ ಕಥೆಯಿಂದ ಇದು ಬೆಳೆದು ಬಂದಿತು. ಬಳಕೆಯಲ್ಲಿ ನಿಂತ ರೂಪದಲ್ಲಿ ಮೂವರು ಇರುತ್ತಾರೆ. ನಡುವೆ ಕಥಕ, ಹೆಗಲ ಮೇಲೆ ತಂಬೂರಿ, ಹೆಬ್ಬೆರಳಿಗೆ ಲೋಹದ ಉಂಗುರ, ಕಾಲಿಗೆ ಗೆಜ್ಜೆ. ಎರಡು ಪಕ್ಕದಲ್ಲಿ ಡಕ್ಕಿ ಅಥವಾ ಗುಮ್ಮೆಟೆ ನುಡಿಸುವ ಇಬ್ಬರು. ಇವರು ‘ತಂದಾನ’ ಎಂದು ಪಲ್ಲವಿಯನ್ನು ಹಿಡಿಯುತ್ತಾರೆ. ಅಷ್ಟೇ ಆಗಿದ್ದರೆ ಇವರನ್ನು ಹಿಮ್ಮೇಳವೆಂದು ಕರೆದು ಬಿಡಬಹುದಾಗಿತ್ತು. ಆದರೆ ಇವರಲ್ಲಿ ಒಬ್ಬನಿಗೆ ‘ರಾಜಕೀಯ’ವೆಂದೂ ಇನ್ನೊಬ್ಬನಿಗೆ ‘ಹಾಸ್ಯ’ವೆಂದೂ ಕೆಲಸವನ್ನು ಹಂಚಲಾಗಿದೆ. ಕಥೆಯನ್ನು ಇಂದಿನ ಸಂಗತಿಗೆ ಜೋಡಿಸುವುದು ರಾಜಕೀಯದವನ ಕೆಲಸ. ಅದನ್ನು ಕೆಣಕುವುದು ಹಾಸ್ಯದವನ ಕೆಲಸ. ಸುದ್ದಿಗೆಂದೇ ಒಬ್ಬನನ್ನು ಹೆಸರಿಟ್ಟು ನಿಲ್ಲಿಸಿಕೊಂಡ ಹಾಡುಗಾರಿಕೆ ನಮ್ಮ ನೆರೆಹೊರೆಯಲ್ಲಿ ಇನ್ನೊಂದು ಸಿಕ್ಕುವುದು ಕಷ್ಟ.

ಈ ರೂಪವನ್ನು ನಾಡಿಗೆಲ್ಲ ಪರಿಚಯಿಸಿದವರಲ್ಲಿ ಷೇಕ್ ನಾಜರ್ ಅವರು (೧೯೨೦–೧೯೯೭) ಮುಖ್ಯರು. ಗುಂಟೂರು ಸೀಮೆಯ ಪೊನ್ನೆಕಲ್ಲು ಅವರ ಊರು. ೧೯೪೩ರಲ್ಲಿ ಹುಟ್ಟಿದ ಪ್ರಜಾ ನಾಟ್ಯ ಮಂಡಲಿಯ ಮೂಲಕ ಅವರು ಹಳ್ಳಿಹಳ್ಳಿಗೆ ಹೋದರು. ‘ಪಲ್ನಾಟಿ ಯುದ್ಧ’, ‘ಬೊಬ್ಬಿಲಿ ಯುದ್ಧ’ಗಳಂತಹ ಹಳೆಯ ಕಥೆಗಳ ಜೊತೆಗೆ ಬಂಗಾಳದ ಕ್ಷಾಮವನ್ನೂ ಅವರು ಬುರ್ರಕಥೆಯಾಗಿ ಹೇಳಿದರು. ೧೯೪೩ರ ಆ ಕ್ಷಾಮವು ಕಲ್ಕತ್ತೆಯ ಬೀದಿಯ ಸುದ್ದಿ. ಅಕ್ಷರ ಬಾರದ ತೆಲುಗು ರೈತನಿಗೆ ಅದನ್ನು ಮುಟ್ಟಿಸಿದುದು ಪತ್ರಿಕೆಯಲ್ಲ, ಡಕ್ಕಿ. ಮದರಾಸು ಸರ್ಕಾರವೂ ಹೈದರಾಬಾದು ಸಂಸ್ಥಾನವೂ ಬುರ್ರಕಥೆಯನ್ನು ನಿಷೇಧಿಸಿದ ಕಾಲವೊಂದಿತ್ತು. ಸುದ್ದಿಗೆ ಹಾಡು ಸೇರಿದರೆ ತೂಕ ಇಳಿಯುತ್ತದೆ ಎನ್ನುವವರು ಇದಕ್ಕೆ ಉತ್ತರ ಹೇಳಬೇಕು. ತೂಕವಿಲ್ಲದ್ದನ್ನು ಯಾವ ಸರ್ಕಾರವೂ ನಿಷೇಧಿಸುವ ಶ್ರಮ ತೆಗೆದುಕೊಳ್ಳುವುದಿಲ್ಲ. ೧೯೮೬ರಲ್ಲಿ ಭಾರತ ಸರ್ಕಾರವು ನಾಜರ್ ಅವರಿಗೆ ಪದ್ಮಶ್ರೀಯನ್ನು ಕೊಟ್ಟಿತು.

ಇಷ್ಟು ಹೇಳಿ ಹೊಗಳಿಕೆಯಲ್ಲಿಯೇ ಮುಗಿಸಿದರೆ ವಿಮರ್ಶೆಯಾಗುವುದಿಲ್ಲ. ಪಕ್ಷದ ತಂಡಗಳ ಬುರ್ರಕಥೆಯಲ್ಲಿ ಒಂದು ಅಪಾಯ ಮೊದಲಿನಿಂದಲೂ ಇತ್ತು. ರಾಜಕೀಯದವನು ಎಲ್ಲವನ್ನೂ ಮೊದಲೇ ಬಲ್ಲವನಾಗಿ ಬರುತ್ತಾನೆ. ಕಥೆಯಲ್ಲಿ ಯಾವ ಅರಸನು ಬರಲಿ, ಯಾವ ಬರ ಬರಲಿ, ಅವನ ಉತ್ತರ ಸಿದ್ಧವಾಗಿರುತ್ತದೆ. ಆಗ ಕಥೆಯು ಅವನ ಮಾತಿಗೆ ಒಂದು ನೆಪವಾಗುತ್ತದೆ. ಕೇಳುವವನಿಗೂ ಅದು ಬೇಗ ತಿಳಿಯುತ್ತದೆ. ಇವನು ಇನ್ನೇನು ಹೇಳುತ್ತಾನೆಂದು ಮೊದಲೇ ಊಹಿಸಿ ಬೀಡಿ ಹಚ್ಚಿಕೊಳ್ಳುತ್ತಾನೆ. ಕಥನವು ಹೀಗೆ ಮೆಲ್ಲಗೆ ಡಂಗುರವಾಗುತ್ತದೆ.

ಈ ಅಪಾಯದಿಂದ ಬುರ್ರಕಥೆಯನ್ನು ಕಾಯತಕ್ಕವನು ಮೂರನೆಯವನು, ಹಾಸ್ಯದವನು. ಸಾಮಾನ್ಯವಾಗಿ ಅವನನ್ನು ಆಯಾಸ ಕಳೆಯಲು ಇಟ್ಟವನೆಂದು ತಿಳಿಯುತ್ತೇವೆ. ಮಕ್ಕಳನ್ನು ನಿದ್ದೆಯಿಂದ ಎಬ್ಬಿಸುವವನೆಂದು ಹಗುರವಾಗಿ ಮಾತಾಡುತ್ತೇವೆ. ಅವನ ನಿಜವಾದ ಕೆಲಸ ಅದಕ್ಕಿಂತ ದೊಡ್ಡದು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕಥಕನು ಬರಗಾಲದ ಅರಸನೊಬ್ಬನು ಕೆರೆ ಕಟ್ಟಿಸಿದುದನ್ನು ಹಾಡುತ್ತಾನೆ. ರಾಜಕೀಯದವನು ಹಾಡನ್ನು ನಿಲ್ಲಿಸಿ, ‘ಅಂದು ಅರಸ ಕಟ್ಟಿಸಿದ, ಇಂದು ಸರ್ಕಾರ ಹೂಳೆತ್ತಿಸಿದೆ, ಲೆಕ್ಕ ಪುಸ್ತಕದಲ್ಲಿದೆ’ ಎನ್ನುತ್ತಾನೆ. ಹಾಸ್ಯದವನು, ‘ಪುಸ್ತಕದಲ್ಲಿ ನೀರೂ ನಿಂತಿದೆಯೇನಣ್ಣ? ನಮ್ಮ ಎಮ್ಮೆಯನ್ನು ಅಲ್ಲಿಗೇ ಹೊಡೆದುಕೊಂಡು ಹೋಗುತ್ತೇನೆ’ ಎನ್ನುತ್ತಾನೆ. ಸಭೆ ನಗುತ್ತದೆ. ಆ ನಗೆಯಲ್ಲಿ ಊರಿನ ಸಾಕ್ಷಿಯಿದೆ. ಕೆರೆಯಲ್ಲಿ ನಿಜವಾಗಿ ಹೂಳೆತ್ತಿದ್ದರೆ ಆ ಮಾತಿಗೆ ನಗೆ ಹುಟ್ಟುವುದಿಲ್ಲ; ಹಾಸ್ಯದವನೇ ನಗೆಗೀಡಾಗುತ್ತಾನೆ. ಸುದ್ದಿ ಸತ್ಯವೋ ಅಲ್ಲವೋ ಎಂಬುದನ್ನು ಯಾರ ಬಗ್ಗೆ ಆ ಸುದ್ದಿಯೋ ಅವರ ಎದುರಿನಲ್ಲಿಯೇ ಒರೆಗೆ ಹಚ್ಚಿದಂತಾಯಿತು. ಪತ್ರಿಕೆಗೆ ಈ ಅನುಕೂಲವಿಲ್ಲ. ಅದನ್ನು ಓದುವವನು ಬರೆದವನಿಗೆ ಕಾಣುವುದಿಲ್ಲ.

ಈ ಎದುರು ಮಾತಿನ ಪದ್ಧತಿ ಕನ್ನಡಕ್ಕೆ ಹೊರಗಿನದೆಂದು ಭಾವಿಸಬೇಕಾಗಿಲ್ಲ. ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಹರದೇಶಿ, ನಾಗೇಶಿ ಎಂಬ ಎರಡು ಪಂಗಡಗಳುಂಟು. ಒಂದು ಕಡೆಯವರು ಪದದಲ್ಲಿ ಸವಾಲು ಹಾಕುತ್ತಾರೆ. ಇನ್ನೊಂದು ಕಡೆಯವರು ಪದದಲ್ಲಿಯೇ ಜವಾಬು ಕೊಡಬೇಕು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ವಾದದಿಂದ ರಾತ್ರಿಗಳೇ ಕಳೆಯುತ್ತವೆ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಇದೇ ಮೇಳಗಳು ರಾಷ್ಟ್ರೀಯ ಪದಗಳನ್ನು ಹಾಡಿದವು. ಬೆಳಗಾವಿ ಸೀಮೆಯ ಹುಲಕುಂದದ ಭೀಮಕವಿಯ ಹೆಸರನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಸವಾಲು ಕೇಳಿ ಪಳಗಿದ ಕಿವಿಗೆ ರಾಷ್ಟ್ರದ ಸುದ್ದಿ ಬಿದ್ದುದರಿಂದಲೇ ಅದು ಅಷ್ಟು ಬೇಗ ನೆಲೆ ಕಂಡಿತೆಂಬುದು ನಮ್ಮ ಅಭಿಪ್ರಾಯ. ತೆಲುಗು ನೆಲವು ಒಬ್ಬ ಹಾಸ್ಯದವನಿಗೆ ಒಪ್ಪಿಸಿದ ಕೆಲಸವನ್ನು ಕನ್ನಡ ನೆಲವು ಒಂದು ಇಡೀ ಎದುರು ಮೇಳಕ್ಕೆ ಒಪ್ಪಿಸಿತು.

ಇಲ್ಲಿ ಒಂದು ಪ್ರತಿವಾದವನ್ನು ಕೇಳಬೇಕಾಗಿದೆ. ಬುರ್ರಕಥೆಯು ಕನ್ನಡ ನಾಡಿನಲ್ಲಿ ಪಡೆದ ಅತ್ಯಂತ ದೊಡ್ಡ ಗೌರವವು ಸುದ್ದಿಯಿಂದ ಬಂದುದಲ್ಲ. ಬಳ್ಳಾರಿ ಸೀಮೆಯ ದರೋಜಿಯ ಈರಮ್ಮನವರನ್ನು ವಾಚಕರು ಬಲ್ಲರು. ಬುಡ್ಗ ಜಂಗಮ ಎಂಬ ಅಲೆಮಾರಿ ಸಮುದಾಯದಲ್ಲಿ ಹುಟ್ಟಿದ ಅವರಿಗೆ ಓದುಬರಹವಿರಲಿಲ್ಲ. ಕುಮಾರರಾಮ, ಬಾಲನಾಗಮ್ಮ ಮೊದಲಾದ ದೀರ್ಘ ಕಥನಗಳನ್ನು ಅವರು ನೆನಪಿನಿಂದಲೇ ರಾತ್ರಿಯಿಡೀ ಹಾಡುತ್ತಿದ್ದರು. ‘ಬುರ್ರಕಥಾ ಈರಮ್ಮ’ ಎಂದೇ ಹೆಸರಾದ ಅವರಿಗೆ ಕರ್ನಾಟಕದ ರಾಜ್ಯೋತ್ಸವ ಪ್ರಶಸ್ತಿಯೂ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವವೂ ಸಂದವು. ೨೦೧೪ರ ಆಗಸ್ಟ್ ೧೨ರಂದು ಅವರು ತೀರಿಕೊಂಡರು. ಅವರ ಕೀರ್ತಿ ನಿಂತಿರುವುದು ಈ ಹಳೆಯ ಕಥನಗಳ ಮೇಲೆ. ಹಾಗಾದರೆ ಇಂದಿನ ಸುದ್ದಿ ಇಲ್ಲದೆಯೇ ಬುರ್ರಕಥೆ ದೊಡ್ಡದಾಗಬಲ್ಲದಷ್ಟೆ? ನಾಳೆ ಹಳಸುವ ಸುದ್ದಿಯನ್ನು ಬೆರೆಸಿ ಆರು ನೂರು ವರ್ಷ ಬಾಳಿದ ಕುಮಾರರಾಮನನ್ನು ಏಕೆ ಕೆಡಿಸಬೇಕು?

ಈ ವಾದಕ್ಕೆ ಬಲವಿದೆಯೆಂದು ಒಪ್ಪುತ್ತೇವೆ. ಸುದ್ದಿ ಇಲ್ಲದ ಹಾಡು ಕೊರತೆಯುಳ್ಳದ್ದೆಂದು ನಾವು ಹೇಳುವುದಿಲ್ಲ. ಆದರೆ ಕುಮಾರರಾಮನ ಕಥೆಯನ್ನೇ ಯೋಚಿಸಿರಿ. ಕಮ್ಮಟದುರ್ಗದ ರಾಜಕುಮಾರನೊಬ್ಬನು ದಿಲ್ಲಿಯ ದಂಡಿಗೆ ಎದುರಾಗಿ ಬಿದ್ದನೆಂಬುದು ಹದಿನಾಲ್ಕನೆಯ ಶತಮಾನದಲ್ಲಿ ಈ ಸೀಮೆಯ ಸುದ್ದಿಯಾಗಿತ್ತು. ಮಲತಾಯಿಯ ಸುಳ್ಳು ದೂರನ್ನು ನಂಬಿ ತಂದೆಯು ಮಗನಿಗೆ ಮರಣದಂಡನೆ ವಿಧಿಸಿದನೆಂಬ ಕಥಾಭಾಗವು ಅದಕ್ಕೆ ಸೇರಿಕೊಂಡಿತು. ವಿಚಾರಿಸದೆ ನಂಬಿದ ಅರಸನನ್ನು ಹಾಡು ಇಂದಿಗೂ ವಿಚಾರಿಸುತ್ತಿದೆ. ನಂಜುಂಡ ಕವಿಯು ಅದನ್ನು ಸಾಂಗತ್ಯದಲ್ಲಿ ಬರೆದನು. ಹಾಡುವವರು ಅದನ್ನು ಎರಡು ಭಾಷೆಗಳಲ್ಲಿ ಹೊತ್ತು ತಿರುಗಿದರು. ಹಲಗಲಿಯ ಲಾವಣಿಯೂ ಹಾಗೆಯೇ. ಅಂದಿನ ಆಜ್ಞೆಯ ಕಾಗದ ಈಗ ಯಾರಿಗೂ ಬೇಡ. ಬೀಸುಕಲ್ಲು ಮಾತ್ರ ಉಳಿಯಿತು. ಹಳಸುವ ಸುದ್ದಿ ಯಾವುದು, ಉಳಿಯುವ ಸುದ್ದಿ ಯಾವುದು ಎಂಬುದನ್ನು ಹಾಡುವವನು ಅಂದೇ ಬಲ್ಲವನಾಗಿರುವುದಿಲ್ಲ. ನೂರು ಸುದ್ದಿಯನ್ನು ಹಾಡಿದರೆ ಒಂದು ನಿಲ್ಲುತ್ತದೆ. ಆ ನೂರನ್ನೂ ಹಾಡದಿದ್ದರೆ ಆ ಒಂದೂ ನಮಗಿಲ್ಲ. ಇಂದಿನ ಮಾತನ್ನು ಹಾಡಿನಿಂದ ಹೊರಗಿಟ್ಟರೆ ಮುಂದಿನವರಿಗೆ ನಮ್ಮ ಕಾಲದ ಕಥೆ ದೊರೆಯಲಾರದು.

ಸ್ವಾತಂತ್ರ್ಯಾನಂತರ ಈ ಕಲೆಗಳಿಗೆ ಒದಗಿದ ಆಶ್ರಯವನ್ನು ಸ್ವಲ್ಪ ಪರೀಕ್ಷಿಸಬೇಕು. ೧೯೫೪ರಲ್ಲಿ ಕೇಂದ್ರ ಸರ್ಕಾರವು ಗೀತ ಮತ್ತು ನಾಟಕ ವಿಭಾಗವನ್ನು ಸ್ಥಾಪಿಸಿತು. ಪಂಚವಾರ್ಷಿಕ ಯೋಜನೆಯ ಸಂದೇಶವನ್ನು ಜನಪದ ಕಲೆಗಳ ಮೂಲಕ ಹಳ್ಳಿಗೆ ತಲುಪಿಸುವುದು ಅದರ ಉದ್ದೇಶವಾಗಿತ್ತು. ೨೦೧೭ರಲ್ಲಿ ಅದು ಇನ್ನೆರಡು ಪ್ರಚಾರ ವಿಭಾಗಗಳೊಡನೆ ವಿಲೀನವಾಯಿತು. ಹರಿಕಥೆ, ಬುರ್ರಕಥೆ, ಗೊಂಬೆಯಾಟಗಳ ಬಡ ಕಲಾವಿದರಿಗೆ ಇದರಿಂದ ನಾಲ್ಕು ಕಾಸು ಸಿಕ್ಕಿತು. ಸಣ್ಣ ಉಳಿತಾಯ, ಆರೋಗ್ಯ ಮೊದಲಾದ ವಿಷಯಗಳು ಊರಿಗೆ ತಲುಪಿದವು. ಉಪಕಾರವನ್ನು ಮರೆಯಲಾಗದು. ಆದರೆ ವಿಮರ್ಶಕನ ಕಣ್ಣಿಗೆ ಒಂದು ಬದಲಾವಣೆ ಕಾಣದಿರದು. ಯೋಜನೆಯ ಕಥೆಯಲ್ಲಿ ಹಾಸ್ಯದವನಿಗೆ ಒಂದೇ ಪಾತ್ರ. ಯೋಜನೆಯನ್ನು ಅರಿಯದ ದಡ್ಡನ ಪಾತ್ರ. ಅವನು ತಪ್ಪು ತಿಳಿಯುತ್ತಾನೆ, ರಾಜಕೀಯದವನು ತಿದ್ದುತ್ತಾನೆ, ಅವನು ಕೈ ಮುಗಿದು ಒಪ್ಪುತ್ತಾನೆ. ಕೆಣಕುವವನು ಕಲಿಯುವವನಾದನು. ಜನರು ಅವನನ್ನು ನೋಡಿ ನಗುತ್ತಾರೆ. ಅವನ ಜೊತೆಗೂಡಿ ನಗುವುದಿಲ್ಲ. ಮೂವರೂ ರಂಗದ ಮೇಲೆ ನಿಂತಿರುತ್ತಾರೆ, ತಂಬೂರಿಯೂ ಡಕ್ಕಿಯೂ ಸ್ವಸ್ಥಾನದಲ್ಲಿರುತ್ತವೆ. ಆದರೂ ನಾವು ಕೇಳುತ್ತಿರುವುದು ಡಂಗುರವನ್ನು. ಚುನಾವಣೆಯ ದಿನಗಳಲ್ಲಿ ಆಟೋರಿಕ್ಷಾದ ಮೇಲೆ ಧ್ವನಿವರ್ಧಕವನ್ನು ಕಟ್ಟಿ ಹಾಡು ಹಾಕಿಕೊಂಡು ಹೋಗುವವರ ವಿಷಯದಲ್ಲಂತೂ ಹೇಳುವುದೇ ಬೇಡ. ಅಲ್ಲಿ ನಿಂತು ಕೇಳಲು ಮನುಷ್ಯನೂ ಇಲ್ಲ.

ಇನ್ನು ರೇಡಿಯೋ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯದ ಬಾನುಲಿ ಪ್ರಯತ್ನವೊಂದು ನಡೆಯಿತು. ಆ ಸೀಮೆಯೂ ನಮ್ಮದರಂತೆ ಕನ್ನಡ ತೆಲುಗುಗಳು ಬೆರೆತ ಗಡಿಸೀಮೆ. ಆಗ ಹಳ್ಳಿಗರಿಗೆ ಆಕಾಶಮಾರ್ಗದಲ್ಲಿ ಪ್ರಸಾರ ಮಾಡುವ ಪರವಾನಗಿ ದೊರೆಯುವಂತಿರಲಿಲ್ಲ. ಆದುದರಿಂದ ದೂರದರ್ಶನದ ತಂತಿಯ ಮೂಲಕವೇ ಧ್ವನಿಯನ್ನು ಮನೆಮನೆಗೆ ಹರಿಸಿದರು. ಊರಿನ ಹಾಡು, ಊರಿನ ಬೇಸಾಯದ ಮಾತು, ಊರಿನ ಹೆಂಗಸರ ಮಾತು ಊರಿನವರ ಕೊರಳಿನಿಂದಲೇ ಕೇಳಿಬಂದಿತು. ವಾಯುತರಂಗಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು ೧೯೯೫ರಲ್ಲಿಯೇ ತೀರ್ಪು ಕೊಟ್ಟಿತ್ತು. ೨೦೦೬ರ ನಿಯಮಾವಳಿಯು ಸೇವಾಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲನ್ನು ತೆರೆಯಿತು. ಆದರೆ ಬಾಗಿಲ ಮೇಲೆ ಒಂದು ಕಟ್ಟಳೆಯನ್ನೂ ಬರೆಯಿತು. ಇಂತಹ ಕೇಂದ್ರಗಳು ತಮ್ಮದೇ ಆದ ಸುದ್ದಿಯನ್ನೂ ರಾಜಕೀಯ ವಿದ್ಯಮಾನಗಳನ್ನೂ ಪ್ರಸಾರ ಮಾಡತಕ್ಕದ್ದಲ್ಲ.

ಬುರ್ರಕಥೆಯ ಕಣ್ಣಿನಿಂದ ಈ ಕಟ್ಟಳೆಯನ್ನು ನೋಡಿದರೆ ಅದರ ಅರ್ಥ ಸ್ಪಷ್ಟವಾಗುತ್ತದೆ. ಕಥಕನು ಹಾಡಬಹುದು. ಹಾಸ್ಯದವನು ನಗಿಸಬಹುದು. ರಾಜಕೀಯದವನು ಮಾತ್ರ ಬಾಯಿ ಮುಚ್ಚಿಕೊಂಡು ಡಕ್ಕಿ ಬಡಿಯಬೇಕು. ಯೋಜನೆಯ ಕಥೆಯು ಹಾಸ್ಯದವನನ್ನು ಮೂಕನನ್ನಾಗಿ ಮಾಡಿತು. ಬಾನುಲಿಯ ಕಟ್ಟಳೆಯು ರಾಜಕೀಯದವನನ್ನು ಮೂಕನನ್ನಾಗಿ ಮಾಡಿತು. ಮೊದಲನೆಯದರಲ್ಲಿ ಪರೀಕ್ಷೆಯಿಲ್ಲದ ಸುದ್ದಿ, ಎರಡನೆಯದರಲ್ಲಿ ಸುದ್ದಿಯಿಲ್ಲದ ಹಾಡು. ಇವೆರಡನ್ನೂ ನಾವು ‘ಜನಪದ’ವೆಂದು ಕರೆದು ಸಮಾಧಾನ ಪಡುತ್ತಿದ್ದೇವೆ. ತಪ್ಪು ಸುದ್ದಿ ಹರಡೀತು, ಊರಿನಲ್ಲಿ ಕಲಹ ಹುಟ್ಟೀತು ಎಂಬ ಸರ್ಕಾರದ ಭಯವು ಸಂಪೂರ್ಣ ನಿರಾಧಾರವೆಂದು ಹೇಳಲಾರೆವು. ಕೈಯೊಳಗಿನ ಫೋನಿನಲ್ಲಿ ಬರುವ ಗಾಳಿಮಾತು ಏನು ಮಾಡಬಲ್ಲದೆಂಬುದನ್ನು ಎಲ್ಲರೂ ಕಂಡಿದ್ದೇವೆ. ಆದರೆ ಆ ಗಾಳಿಮಾತಿಗೆ ಮದ್ದು ಯಾವುದು? ಎದುರಿನಲ್ಲಿ ನಿಂತು ‘ಇದು ನಿಜವೇ ಅಣ್ಣ?’ ಎಂದು ಕೇಳುವ ಮೂರನೆಯವನೇ ಅದಕ್ಕೆ ಮದ್ದು. ಅವನನ್ನು ನಾವು ರಂಗದಿಂದ ಇಳಿಸಿಬಿಟ್ಟಿದ್ದೇವೆ.

ಇದೆಲ್ಲವೂ ನಮ್ಮ ಗಡಿಸೀಮೆಗೆ ಏಕೆ ವಿಶೇಷವಾಗಿ ತಾಗುತ್ತದೆಂಬುದನ್ನು ಹೇಳಿ ಮುಗಿಸುತ್ತೇವೆ. ಮಡಕಶಿರದ ಕನ್ನಡ ಶಾಲೆಯ ಹುಡುಗನೊಬ್ಬನನ್ನು ಯೋಚಿಸಿರಿ. ಅವನ ಮನೆಯ ದೂರದರ್ಶನದಲ್ಲಿ ಕನ್ನಡ ಸುದ್ದಿಯೆಂದರೆ ಬೆಂಗಳೂರಿನದು. ಅದು ಅವನ ಭಾಷೆ; ಆದರೆ ಅವನ ಸರ್ಕಾರದ ಸುದ್ದಿಯಲ್ಲ. ತೆಲುಗು ಸುದ್ದಿ ಅವನ ಸರ್ಕಾರದ್ದು. ಆದರೆ ಅವನ ಮನೆಮಾತಿನದಲ್ಲ. ಅವನ ಊರಿನ ಸುದ್ದಿ ಎರಡರಲ್ಲಿಯೂ ಅಪರೂಪ. ಕಡಲೆಕಾಯಿಗೆ ಬೆಲೆ ಏನಾಯಿತು, ಕೊಳವೆಬಾವಿಯಲ್ಲಿ ನೀರು ಎಷ್ಟು ಅಡಿಗೆ ಇಳಿಯಿತು, ಬೆಂಗಳೂರಿಗೆ ಕೂಲಿಗೆ ಹೋದವರು ಹಬ್ಬಕ್ಕೆ ಬಂದರೇ, ಕನ್ನಡ ಪಠ್ಯಪುಸ್ತಕಗಳು ಬಂದವೇ, ಕನ್ನಡದಲ್ಲಿ ಓದಿದವನಿಗೆ ಮುಂದೆ ಯಾವ ಕಾಲೇಜು, ಯಾವ ನೌಕರಿ ಎಂಬ ಪ್ರಶ್ನೆಗಳಿಗೆ ಕನ್ನಡದಲ್ಲಿ ಬಾಯಿ ಕೊಡುವವರು ಯಾರು? ಭಾಷೆಯೊಂದು ಹಾಡಿಗೆ ಮಾತ್ರ ಉಳಿದು ಸುದ್ದಿಯಿಂದ ಕಳಚಿಕೊಂಡರೆ ಅದು ಮೆಲ್ಲಗೆ ಹಬ್ಬದ ಬಟ್ಟೆಯಾಗುತ್ತದೆ. ಪೆಟ್ಟಿಗೆಯಿಂದ ವರ್ಷಕ್ಕೊಮ್ಮೆ ತೆಗೆದು ಉಟ್ಟು ಮತ್ತೆ ಮಡಿಸಿಡುತ್ತೇವೆ. ಗಡಿಯಲ್ಲಿ ಕನ್ನಡ ಬಾಳಬೇಕಾದರೆ ಅದರಲ್ಲಿ ಕೆರೆಯ ಹೂಳಿನ ಮಾತೂ ನಡೆಯಬೇಕು, ಆ ಮಾತನ್ನು ಅಲ್ಲಗಳೆಯುವ ಮಾತೂ ನಡೆಯಬೇಕು.

ಇದಕ್ಕೆ ದೊಡ್ಡ ಸಂಸ್ಥೆ ಬೇಕಾಗಿಲ್ಲ. ಪ್ರತಿ ವರ್ಷ ನಮ್ಮ ಶಾಲೆಗಳಲ್ಲಿ ವಾರ್ಷಿಕೋತ್ಸವ ನಡೆಯುತ್ತದೆ. ಕೋಲಾಟ, ಹಾಡು, ವರದಿವಾಚನ ಎಲ್ಲವೂ ಬೇರೆ ಬೇರೆಯಾಗಿ ನಡೆಯುತ್ತವೆ. ವರದಿ ಓದುವಾಗ ಸಭೆಯು ತೂಕಡಿಸುತ್ತದೆ. ಆ ವರದಿಯನ್ನೇ ಮೂವರು ಮಕ್ಕಳ ಕೈಗೆ ಕೊಟ್ಟು ನೋಡಬಹುದು. ಒಬ್ಬನು ಊರಿನ ಹಳೆಯ ಕಥೆಯನ್ನು ಹಾಡಲಿ. ಇನ್ನೊಬ್ಬನು ಈ ವರ್ಷದ ಸಂಗತಿಗಳನ್ನು ಹೇಳಲಿ. ಹೇಳುವ ಮೊದಲು ಅಂಗಡಿಗೆ, ಹೊಲಕ್ಕೆ, ಪಂಚಾಯತಿಗೆ ಹೋಗಿ ಕೇಳಿ ಬರೆದುಕೊಂಡು ಬರಲಿ. ಮೂರನೆಯ ಹುಡುಗನಿಗೆ ಅಥವಾ ಹುಡುಗಿಗೆ ‘ಇದು ನಿಜವೇ?’ ಎಂದು ಕೇಳುವ ಹಕ್ಕನ್ನು ಕೊಡಿರಿ. ಆ ಪ್ರಶ್ನೆಯನ್ನು ಉಪಾಧ್ಯಾಯರು ಬರೆದು ಕೊಡದಿರುವುದು ಒಳ್ಳೆಯದು. ಬರೆದು ಕೊಟ್ಟರೆ ಅವನು ಮತ್ತೆ ಯೋಜನೆಯ ಕಥೆಯ ದಡ್ಡನಾಗಿಬಿಡುತ್ತಾನೆ. ಪ್ರಶ್ನೆಯು ಕೆಲವೊಮ್ಮೆ ನಮ್ಮ ಕಡೆಗೇ ತಿರುಗೀತು. ಶಾಲೆಯ ಕೊಳಾಯಿಯಲ್ಲಿ ನೀರು ಏಕಿಲ್ಲವೆಂದು ಮುಖ್ಯೋಪಾಧ್ಯಾಯರ ಎದುರಿಗೇ ಕೇಳಿಯ್ಯಾನು. ಅದನ್ನು ಸಹಿಸುವಷ್ಟು ಧೈರ್ಯ ನಮಗಿರಬೇಕು.

ಹಳೆಯ ಹಾಡುಗಳನ್ನು ಸಂಗ್ರಹಿಸುವ ಉಪಾಧ್ಯಾಯ ಬಂಧುಗಳಲ್ಲಿಯೂ ಒಂದು ವಿಜ್ಞಾಪನೆ. ನಾವು ಸಾಮಾನ್ಯವಾಗಿ ಪದ್ಯಭಾಗವನ್ನು ಬರೆದುಕೊಂಡು ನಡುವಿನ ಮಾತನ್ನು ‘ಗದ್ಯ’ವೆಂದು ಬಿಟ್ಟುಬಿಡುತ್ತೇವೆ. ಆ ಊರಿನ ಆ ವರ್ಷದ ಸುದ್ದಿ ಇರುವುದು ಆ ಗದ್ಯದಲ್ಲಿಯೇ. ಕನ್ನಡ ತೆಲುಗುಗಳು ಒಂದರೊಳಗೊಂದು ನುಸುಳುವುದೂ ಅಲ್ಲಿಯೇ. ಪದ್ಯವನ್ನು ಇನ್ನೊಬ್ಬ ಕಥಕನಿಂದ ಮತ್ತೆ ಬರೆದುಕೊಳ್ಳಬಹುದು. ಹಾಸ್ಯದವನ ಆ ರಾತ್ರಿಯ ಮಾತು ಮರುದಿನ ಯಾರಲ್ಲಿಯೂ ಸಿಕ್ಕುವುದಿಲ್ಲ. ಇನ್ನು ಮುಂದೆ ಬುರ್ರಕಥೆಯನ್ನು ಬರೆದುಕೊಳ್ಳಲು ಹೋಗುವವರು ಕಥಕನ ಎದುರಿನಲ್ಲಿ ಮಾತ್ರ ಕೂರದೆ, ಮೂರನೆಯವನ ಪಕ್ಕದಲ್ಲಿಯೂ ಸ್ವಲ್ಪ ಹೊತ್ತು ಕೂರಲಿ. ಸಭೆಯು ಎಲ್ಲಿ ನಕ್ಕಿತೆಂಬುದನ್ನು ಅಂಚಿನಲ್ಲಿ ಗುರುತು ಹಾಕಿಕೊಳ್ಳಲಿ.